ಡಬ್ಬಿಯ ಡೊಳ್ಳು

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಎರಡು ವರ್ಷದ ಮಗುವಿರುವ ಯಾವುದೇ ಮನೆಯ ಅಡುಗೆಕೋಣೆಯಲ್ಲಿ, ಕೆಳಗಿನ ಸಾಲಿನ ಪಾತ್ರೆಗಳು ತಮ್ಮ ಮೂಲವೃತ್ತಿಯನ್ನು ತೊರೆದು ವಾದ್ಯಗಳಾಗುತ್ತವೆಯೆಂಬುದು ಸರ್ವವಿದಿತ; ಆದರೆ ಈ ವಿದ್ಯಮಾನವನ್ನು ಸಂಗೀತಶಾಸ್ತ್ರಕ್ಕಿಂತ ಹೆಚ್ಚಾಗಿ ತಲೆನೋವಿನ ದೃಷ್ಟಿಯಿಂದಲೇ ನೋಡುತ್ತ ಬರಲಾಗಿದೆ. ಈ ನೆಲದ ಮಟ್ಟಿಗಂತೂ ಅದು ಅನ್ಯಾಯವೇ ಸರಿ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಅಲ್ಲಮನನ್ನು ಹರಿಹರನೂ ಚಾಮರಸನೂ ಮದ್ದಳೆಗಾರನೆಂದೇ ಚಿತ್ರಿಸಿದ್ದಾರೆ. ಮದ್ದಳೆಯೆಂದರೆ ಎರಡೂ ಮುಖಗಳಿಗೆ ಚರ್ಮ ಬಿಗಿದ, ಎರಡೂ ಕೈಗಳಿಂದ ನುಡಿಸುವ ವಾದ್ಯ. ಅದು ಸದ್ದಿಲ್ಲದೆ ಯಾರ ಕೈಗೂ ಹತ್ತುವಂಥದ್ದಲ್ಲವಾದ್ದರಿಂದ, ಮುಂದೆ ಶೂನ್ಯಸಿಂಹಾಸನವೇರಿದ ಆ ಮಹಾನುಭಾವನೂ ಒಂದು ಕಾಲಕ್ಕೆ ಮನೆಯವರ ಮಧ್ಯಾಹ್ನದ ನಿದ್ದೆ ಕೆಡಿಸಿರಬೇಕೆಂದು ಊಹಿಸಲು ಶಾಸನಾಧಾರ ಬೇಕಾಗುವುದಿಲ್ಲ.

ಲಯವೆಂದರೆ ಹಾಡಿನ ನಡೆಯಲ್ಲಿ ಕಾಲವನ್ನು ತಪ್ಪದೆ ಹಿಡಿದುಕೊಂಡು ಹೋಗುವ ಗುಣ. ಅದನ್ನು ಮಗುವಿಗೆ ವಿವರಿಸಿ ಹೇಳಲು ಬರುವುದಿಲ್ಲ, ಮೈಗೆ ಹತ್ತಿಸಬೇಕಾಗುತ್ತದೆ. ಜಗಲಿಯಲ್ಲಿ ಕಾಲು ನೀಡಿ ಕುಳಿತ ಅಜ್ಜಿ ಮೊಮ್ಮಗುವನ್ನು ಮೊಣಕಾಲ ಮೇಲೆ ಕೂರಿಸಿಕೊಂಡು ಹಿಂದಕ್ಕೂ ಮುಂದಕ್ಕೂ ತೂಗುತ್ತ ಆನೆಯಾಟ ಆಡಿಸುವಾಗ, ಅಂಗೈಗಳನ್ನು ತಿರುಗಿಸಿ ತಾರಮ್ಮಯ್ಯ ಕಲಿಸುವಾಗ, ನಡೆಯುತ್ತಿರುವುದು ಇದೇ ಪಾಠ. ಜಿನೀವಾದ ಸಂಗೀತಶಾಲೆಯಲ್ಲಿ ಅಧ್ಯಾಪಕರಾಗಿದ್ದ ಎಮಿಲ್ ಜಾಕ್ ಡಾಲ್ಕ್ರೋಜ್ (1865–1950) ಎಂಬವರು, ತಮ್ಮ ವಿದ್ಯಾರ್ಥಿಗಳಿಗೆ ಶಾಸ್ತ್ರವೆಲ್ಲ ತಿಳಿದಿದ್ದರೂ ತಾಳ ಮಾತ್ರ ನಿಲ್ಲುವುದಿಲ್ಲವೆಂದು ಕಂಡುಕೊಂಡು, ಅವರನ್ನು ಕುರ್ಚಿಯಿಂದ ಎಬ್ಬಿಸಿ ಸಂಗೀತಕ್ಕೆ ತಕ್ಕಂತೆ ನಡೆಸಿ, ತಿರುಗಿಸಿ, ಕೈ ಬೀಸಿಸಿ ಒಂದು ಶಿಕ್ಷಣಪದ್ಧತಿಯನ್ನೇ ಕಟ್ಟಿದರು. ಜಿನೀವಾದಲ್ಲಿ ಪದ್ಧತಿಯೆನಿಸಿಕೊಂಡದ್ದು ಸೊರಬ ತಾಲ್ಲೂಕಿನ ಆನವಟ್ಟಿಯ ಜಗಲಿಯಲ್ಲಿ ಇನ್ನೂ ಕಾಟವೆನಿಸಿಕೊಳ್ಳುತ್ತಿದೆ.

ಕರ್ನಾಟಕ ಸಂಗೀತದಲ್ಲಿ ಲಯದ ಜಾತಿಗಳು ಐದು: ಮೂರು ಎಣಿಕೆಯ ತಿಶ್ರ, ನಾಲ್ಕರ ಚತುರಶ್ರ, ಐದರ ಖಂಡ, ಏಳರ ಮಿಶ್ರ ಮತ್ತು ಒಂಬತ್ತರ ಸಂಕೀರ್ಣ. ಆಗತಾನೇ ನಡೆಯಲು ಕಲಿತ ಮಗು, ಎರಡು ಹೆಜ್ಜೆ ಇಟ್ಟು, ನಿಂತು, ಓಡಿ, ಕುಕ್ಕರಿಸಿ, ಬೆಕ್ಕನ್ನು ಕಂಡು ತಿರುಗಿ ಬರುವ ನಡೆ ಈ ಐದರಲ್ಲಿ ಯಾವುದಕ್ಕೂ ಸೇರುವುದಿಲ್ಲವಾದ್ದರಿಂದ, ಆರನೆಯದೊಂದನ್ನು ಒಪ್ಪಿಕೊಳ್ಳದೆ ಗತ್ಯಂತರವಿಲ್ಲ. ಮನೆಯ ಹಾಡಿನ ಹೆಚ್ಚುಗಾರಿಕೆ ಇರುವುದೂ ಇಲ್ಲಿಯೇ. ಮಗು ಎಡವಿದರೆ ಅಜ್ಜಿಯ ಹಾಡು ನಿಂತು ಕಾಯುತ್ತದೆ. ಮಗು ಓಡಿದರೆ ಹಾಡೂ ಏದುಸಿರು ಬಿಡುತ್ತ ಹಿಂದೆ ಹೋಗುತ್ತದೆ. ಮೊಬೈಲಿನ ಹಾಡಿಗೆ ಈ ದಾಕ್ಷಿಣ್ಯವಿಲ್ಲ. ಎದುರಿನ ಶ್ರೋತೃವಿನ ಚಡ್ಡಿ ಜಾರಿದ್ದರೂ ಅದು ತನ್ನ ಪಾಡಿಗೆ ತಾನು ಮುಂದುವರಿಯುತ್ತದೆ, ಮಗುವೂ ಸ್ವಲ್ಪ ಹೊತ್ತಿನಲ್ಲಿ ಕುಣಿಯುವುದನ್ನು ಬಿಟ್ಟು ಬಾಯಿ ತೆರೆದು ನೋಡುತ್ತ ಕೂತುಬಿಡುತ್ತದೆ. ಸ್ವರಶುದ್ಧಿಯ ಚಿಂತೆಯಿಂದ ಬಾಯಿ ಬಿಡದ ತಂದೆಯರು ಇದನ್ನು ಗಮನಿಸಬೇಕು: ಈ ವಯಸ್ಸಿನ ಶ್ರೋತೃಗಳು ಅಪಸ್ವರವನ್ನು ಕ್ಷಮಿಸುತ್ತಾರೆ, ಒಂದೇ ಹಾಡನ್ನು ಹನ್ನೆರಡನೆಯ ಸಲ ಹಾಡಲು ಬೇಸರಿಸುವವರನ್ನು ಕ್ಷಮಿಸುವುದಿಲ್ಲ.

ಊರ ಹಬ್ಬಗಳೇ ಇಲ್ಲಿ ಪಠ್ಯಕ್ರಮ. ಡೊಳ್ಳು ಕುಣಿತವೆಂದರೆ ಭಾರಿ ಗಾತ್ರದ ಡೊಳ್ಳನ್ನು ಹೆಗಲಿನಿಂದ ಇಳಿಬಿಟ್ಟುಕೊಂಡು, ಒಂದು ಬದಿಗೆ ಕೋಲಿನಿಂದಲೂ ಇನ್ನೊಂದು ಬದಿಗೆ ಅಂಗೈಯಿಂದಲೂ ಬಾರಿಸುತ್ತ ಕುಣಿಯುವ ಕಲೆ. ತಂಡ ಬಂದುಹೋದ ಮರುದಿನ ಐದು ಲೀಟರಿನ ಎಣ್ಣೆ ಡಬ್ಬಿಯೊಂದು ಅಮ್ಮನ ವೇಲಿನ ಸಹಾಯದಿಂದ ಮಗುವಿನ ಕೊರಳಿಗೆ ಬೀಳುತ್ತದೆ. ಬಲಗೈಯಲ್ಲಿ ಲಟ್ಟಣಿಗೆ, ಎಡಗಡೆ ಬರಿಯ ಅಂಗೈ. ಯಾರೂ ಹೇಳಿಕೊಟ್ಟಿರದಿದ್ದರೂ ಕೋಲಿನ ಬದಿ ಯಾವುದು, ಕೈಯ ಬದಿ ಯಾವುದು ಎಂಬುದು ತಪ್ಪಿರುವುದಿಲ್ಲ. ಮೂರು ಹೆಜ್ಜೆ ಮುಂದೆ, ಒಂದು ಸುತ್ತು, ಆಮೇಲೆ ಬೀಳುವುದು, ಬಿದ್ದಲ್ಲಿಂದಲೇ ಬಾರಿಸುವುದು. ಕಲಾವಿದರು ಒಬ್ಬರ ಮೇಲೊಬ್ಬರು ಹತ್ತಿ ನಿಂತು ಬಾರಿಸುವ ಪಟ್ಟೂ ನೆನಪಾಗಿಬಿಟ್ಟರೆ ಪೇಪರ್ ಓದುತ್ತ ಕುಳಿತ ಅಜ್ಜನ ಹೆಗಲಿಗೆ ಸಂಚಕಾರ ತಪ್ಪಿದ್ದಲ್ಲ. ದೀಪಾವಳಿಯ ನಂತರ ಈ ಸೀಮೆಯಲ್ಲಿ ನಡೆಯುವ ಹೋರಿ ಬೆದರಿಸುವ ಹಬ್ಬದಲ್ಲಿ ಹೋರಿಗಳಿಗೆ ಕೊಬ್ಬರಿ ಹಾರ, ಬಲೂನು ಕಟ್ಟಿ ಓಡಿಸುತ್ತಾರಾಗಿ, ಆ ದಿನಗಳಲ್ಲಿ ಮನೆಯ ಕೊಬ್ಬರಿಯೂ ಕಲೆಗೆ ಸಮರ್ಪಿತವಾಗುತ್ತದೆ.

ಇವೆಲ್ಲಕ್ಕಿಂತ ಮಕ್ಕಳಿಗೆ ಸುಲಭವಾಗಿ ಒಗ್ಗುವುದು ಅಂಟಿಗೆ-ಪಂಟಿಗೆ. ದೀಪಾವಳಿಯ ರಾತ್ರಿಗಳಲ್ಲಿ ದೇವಸ್ಥಾನದಲ್ಲಿ ಹಚ್ಚಿಕೊಂಡ ದೀಪವನ್ನು ಆರದಂತೆ ಹಿಡಿದು ಮನೆಮನೆಗೆ ಬಂದು ಹಾಡುವ ಮಲೆನಾಡಿನ ಈ ಸಂಪ್ರದಾಯದಲ್ಲಿ, ಮುಂದಾಳುಗಳು ಹಾಡಿದ ಸಾಲನ್ನು ಹಿಂದಿನವರು ಎತ್ತಿಕೊಂಡು ತಿರುಗಿ ಹಾಡುತ್ತಾರೆ. ಹೇಳಿದ್ದನ್ನೇ ಹೇಳುವುದು ಮಕ್ಕಳಿಗೆ ಹುಟ್ಟುಗುಣವಾದ್ದರಿಂದ ಹಿಂದಿನ ಸಾಲಿಗೆ ಸೇರಲು ಅವರಿಗೆ ಬೇರೆ ಅರ್ಹತೆ ಬೇಕಿಲ್ಲ. ಹೀಗಿರುವಾಗ ಹಾಡುಗಾರರು ಬಂದ ಹೊತ್ತಿಗೆ ಮಗುವನ್ನು ಒಳಗೆ ಮಲಗಿಸಿ ಬಾಗಿಲು ಹಾಕುವುದನ್ನು ಮನೆಯವರು ಬಿಡಬೇಕು. ಎಬ್ಬಿಸಿ ಜಗಲಿಗೆ ಕರೆತಂದು, ದೀಪಕ್ಕೆ ಎಣ್ಣೆ ಎರೆಯುವ ಕೆಲಸವನ್ನು ದೊಡ್ಡವರ ಕೈಹಿಡಿತದಲ್ಲಿ ಅದಕ್ಕೇ ಒಪ್ಪಿಸಿ, ಹಾಡು ಮುಗಿಯುವವರೆಗೆ ಕುಣಿಯಲು ಬಿಡಬೇಕು. ಬೆಳಿಗ್ಗೆ ಹೇಗೂ ಶಾಲೆಗೆ ರಜೆ ಇದ್ದೇ ಇರುತ್ತದೆ.