ಸಬಾಲಕ ರೈಲುಯಾನ ಮೀಮಾಂಸೆ: ಕಂಬಂ ಕಣಿವೆಯ ನೆಲೆಯಲ್ಲಿ ಒಂದು ಅನುಸಂಧಾನ

ಮಕ್ಕಳನ್ನು ಕಟ್ಟಿಕೊಂಡು ಯುರೋಪಿನಲ್ಲಿ ರೈಲು ಹತ್ತುವುದು ಹೇಗೆ ಎಂಬ ವಿಷಯದಲ್ಲಿ ಕನ್ನಡದ ಜ್ಞಾನಪರಂಪರೆ ಈಚೆಗೆ ಸಾಕಷ್ಟು ಸಮೃದ್ಧವಾಗಿದೆ. ಬೇಸಿಗೆ ರಜೆ ಹತ್ತಿರವಾದಂತೆ ಪುರವಣಿಗಳು ಈ ಶಾಸ್ತ್ರದ ಹೊಸ ಹೊಸ ಅಧ್ಯಾಯಗಳನ್ನು ಹೊರತರುತ್ತವೆ: ಜೂರಿಕ್‌ನಿಂದ ಮಿಲಾನಿಗೆ ಹೋಗುವಾಗ ಮಗುವನ್ನು ಯಾವ ಬದಿಯ ಕಿಟಕಿಗೆ ಕೂರಿಸಬೇಕು, ಆಲ್ಪ್ಸ್ ಎದುರಾದಾಗ ಮಗು ನಿದ್ದೆಹೋಗಿದ್ದರೆ ಎಬ್ಬಿಸುವುದು ಅದರ ಸ್ವಾಯತ್ತತೆಗೆ ಧಕ್ಕೆಯೇ, ಚಪಾತಿ ಸುರುಳಿಯನ್ನು ಎಷ್ಟನೆಯ ಸುರಂಗ ದಾಟಿದ ಮೇಲೆ ಬಿಚ್ಚಬೇಕು. ಇವಕ್ಕೆಲ್ಲ ‘ಅನುಭವಾಧಾರಿತ ಕಲಿಕೆ’, ‘ನಿಧಾನಯಾನದ ತಾತ್ವಿಕತೆ’, ‘ಬಾಲ್ಯ ಮತ್ತು ಭೂದೃಶ್ಯಗಳ ಮುಖಾಮುಖಿ’ ಎಂಬ ಹೆಸರುಗಳಿವೆ. ಆದರೆ ಈ ವಿಪುಲ ಸಾಹಿತ್ಯದಲ್ಲಿ ಗಂಭೀರವಾದ ಸಂಶೋಧನಾ ಅಂತರವೊಂದು ಉಳಿದುಬಿಟ್ಟಿದೆ. ತಮಿಳುನಾಡಿನ ತೇನಿ, ಕಂಬಂ ಕಣಿವೆ ಮತ್ತು ದಿಂಡಿಗಲ್ ಸೀಮೆಗೆ ಈ ಸಿದ್ಧಾಂತವನ್ನು ಅನ್ವಯಿಸಿ ನೋಡುವ ಕೆಲಸಕ್ಕೆ ವಿದ್ವಾಂಸರು ಮನಸ್ಸು ಮಾಡಿದಂತಿಲ್ಲ. ಪ್ರಸ್ತುತ ಪ್ರಬಂಧ ಆ ಕೊರತೆಯನ್ನು ನೀಗುವ ನೆಲೆಯಲ್ಲಿ ಹೊರಟಿದೆ. ಇದರ ಪ್ರಮೇಯ ಇಷ್ಟೇ: ಸಬಾಲಕ ರೈಲುಯಾನ ಎಂಬ ಸಂಕಥನಕ್ಕೆ ಬಾಲಕರೂ ಬೇಕು, ರೈಲೂ ಬೇಕು, ಎರಡನೆಯದು ಇಲ್ಲದ ಕಡೆ ಮೊದಲನೆಯವರನ್ನು ಲೆಕ್ಕಕ್ಕೆ ಹಿಡಿಯುವ ವಿಧಾನ ಶಾಸ್ತ್ರಕ್ಕೆ ಇನ್ನೂ ಸಿಕ್ಕಿಲ್ಲ.

ಮೊದಲಿಗೆ ಐರೋಪ್ಯ ಮಾದರಿ. ಸ್ವಿಟ್ಜರ್ಲೆಂಡಿನ ಎರಡಂತಸ್ತಿನ ಇಂಟರ್‌ಸಿಟಿ ಗಾಡಿಗಳಲ್ಲಿ ಕುಟುಂಬಗಳ ಡಬ್ಬಿಯ ಮೇಲಂತಸ್ತು ಮಕ್ಕಳ ಆಟದ ಜಾಗ. ಜರ್ಮನಿಯ ದೂರದ ಗಾಡಿಗಳಲ್ಲಿ ಎಳೆಮಕ್ಕಳ ಸಂಸಾರಕ್ಕೆಂದೇ ಬೇರೆ ಕೋಣೆಯುಂಟು. ಆಸ್ಟ್ರಿಯಾದ ರೈಲ್‌ಜೆಟ್ಟಿನಲ್ಲಿ ಮಕ್ಕಳಿಗೊಂದು ಪುಟ್ಟ ಸಿನಿಮಾ ಪರದೆ, ಫಿನ್ಲೆಂಡಿನಲ್ಲಿ ಜಾರುಬಂಡೆ ಮತ್ತು ಕಥೆಪುಸ್ತಕ. ಹೊರದೇಶದವರು ಕೊಳ್ಳುವ ಯುರೇಲ್ ಪಾಸಿನಲ್ಲಿ 11 ವರ್ಷದವರೆಗಿನ ಮಕ್ಕಳಿಗೆ ದೊಡ್ಡವರ ಜೊತೆ ಪಾಸು ಬಿಟ್ಟಿ. ಶಾಸ್ತ್ರಕಾರರು ಇದನ್ನೆಲ್ಲ ‘ಕ್ರೀಡಾತ್ಮಕ ಚಲನಾವಕಾಶದ ಬಾಲಕೇಂದ್ರಿತ ಪುನರ್ವ್ಯಾಖ್ಯಾನ’ ಎಂದು ಕರೆಯಬಹುದು. ನಾವೂ ಎರಡು ಪುಟದ ಮಟ್ಟಿಗೆ ಹಾಗೆಯೇ ಕರೆಯೋಣ. ಪರಿಭಾಷೆಯ ಸಿಪ್ಪೆ ಸುಲಿದರೆ ಒಳಗಿರುವುದು ಒಂದು ಸಾದಾ ಒಪ್ಪಿಗೆ. ಮಗು ಒಂದೇ ಕಡೆ ಕೂರಲಾರದು, ಅದಕ್ಕೆ ಹೊತ್ತಲ್ಲದ ಹೊತ್ತಿನಲ್ಲಿ ನಿದ್ದೆ ಬರುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಉಚ್ಚೆ ಬರುತ್ತದೆ. ಗಾಡಿ ಕಟ್ಟುವವರು ಇದನ್ನು ಮೊದಲೇ ನೆನಪಿಟ್ಟುಕೊಂಡಿದ್ದಾರೆ, ಅಷ್ಟೆ.

ಇನ್ನು ಭಾರತೀಯ ರೈಲ್ವೆಯ ಶಿಶುದರ್ಶನ. ಇಲ್ಲಿ ಮಗು ಐದು ವರ್ಗಗಳಲ್ಲಿ ಆವಿರ್ಭವಿಸುತ್ತದೆ. ಮೊದಲನೆಯದು ಶೂನ್ಯಶಿಶು: ಐದು ತುಂಬದ ಮಗು, ಟಿಕೆಟ್ಟೂ ಇಲ್ಲ, ಮಲಗಲು ಜಾಗವೂ ಇಲ್ಲ. ಎರಡನೆಯದು ನಿಶ್ಶಯ್ಯ ಅರ್ಧಶಿಶು: ಐದು ತುಂಬಿ ಹನ್ನೆರಡು ತುಂಬದ್ದು, ಬರ್ತ್ ಬೇಡವೆಂದು ಬರೆದುಕೊಟ್ಟು ಅರ್ಧ ಟಿಕೆಟ್ಟಿನಲ್ಲಿ ಅಮ್ಮನ ಕಾಲಬುಡದಲ್ಲಿ ಮುದುಡಿ ಮಲಗುವಂಥದು. ಮೂರನೆಯದು ಸಶಯ್ಯ ಅರ್ಧಶಿಶು. ಇದರ ವೈಶಿಷ್ಟ್ಯವೆಂದರೆ ಇದು ಅರ್ಧವಲ್ಲ. ಬರ್ತ್ ಬೇಕೆಂದ ಕೂಡಲೇ ಏಳು ವರ್ಷದ ಹುಡುಗಿ ಪೂರ್ಣ ವಯಸ್ಕಳಾಗುತ್ತಾಳೆ. ಈ ರೂಪಾಂತರ ಸಾಧ್ಯವಾದದ್ದು 2016ರ ಏಪ್ರಿಲ್ 21ರಿಂದ. ಅದಕ್ಕೆ ಮೊದಲು ಅರ್ಧ ದುಡ್ಡಿಗೆ ಇಡೀ ಬರ್ತ್ ಸಿಗುತ್ತಿತ್ತು. ಬದಲಾವಣೆಯಾದ ಏಳು ವರ್ಷಗಳಲ್ಲಿ 10 ಕೋಟಿಗೂ ಹೆಚ್ಚು ಮಕ್ಕಳು ಹೀಗೆ ಪೂರ್ಣ ದರ ತೆತ್ತರು, 3.6 ಕೋಟಿಯಷ್ಟು ಮಕ್ಕಳು ಅರ್ಧ ದರ ಕೊಟ್ಟು ಬರ್ತಿಲ್ಲದೆ ಹೋದರು, ರೈಲ್ವೆಗೆ ಸುಮಾರು 2,800 ಕೋಟಿ ರೂಪಾಯಿ ಹೆಚ್ಚುವರಿ ವರಮಾನ ಬಂತು ಎಂಬುದು ಮಾಹಿತಿ ಹಕ್ಕಿನ ಅರ್ಜಿಗೆ ಸಿಕ್ಕ ಉತ್ತರದಿಂದಲೇ ಹೊರಬಿದ್ದಿದೆ. 2022-23ರ ಒಂದೇ ವರ್ಷದ ಪಾಲು 560 ಕೋಟಿ. ನಾಲ್ಕನೆಯ ಮತ್ತು ಐದನೆಯ ವರ್ಗಗಳನ್ನು ಇಲ್ಲಿ ಕೈಬಿಡಲಾಗಿದೆ. ಮೂರನೆಯದಾದ ಮೇಲೆ ವರ್ಗೀಕರಣ ಮಾಡುವ ಉಮೇದು ಉಳಿಯಲಿಲ್ಲ.

ಈಗ ಕ್ಷೇತ್ರಾಧ್ಯಯನ. ಮಧುರೈಯಿಂದ ಉಸಿಲಂಪಟ್ಟಿ, ಆಂಡಿಪಟ್ಟಿ, ತೇನಿ ದಾಟಿ ಏಲಕ್ಕಿ ಪೇಟೆಯಾದ ಬೋಡಿನಾಯಕನೂರಿಗೆ ಹೋಗುವ ಸುಮಾರು 90 ಕಿಲೋಮೀಟರಿನ ಮೀಟರ್‌ಗೇಜ್ ಮಾರ್ಗ 1928ರಲ್ಲಿ ತೆರೆಯಿತು. ಎರಡನೆಯ ಮಹಾಯುದ್ಧಕ್ಕೆ ಕಬ್ಬಿಣ ಬೇಕಾಗಿ ಹಳಿಗಳನ್ನು ಕಿತ್ತರು. ಯುರೋಪಿನ ಜಗಳಕ್ಕೆ ಈ ಕಣಿವೆ ತನ್ನ ಹಳಿಗಳನ್ನೇ ಕೊಟ್ಟಿದ್ದರಿಂದ ನಮ್ಮ ಅಧ್ಯಯನಕ್ಕೆ ಐರೋಪ್ಯ ಆಯಾಮ ತಾನಾಗಿಯೇ ಒದಗಿತು ಎಂಬುದನ್ನು ಪರೀಕ್ಷಕರು ಗಮನಿಸಬೇಕು. 1950ರ ದಶಕದಲ್ಲಿ ಹಳಿ ಮತ್ತೆ ಬಂತು. 2010ರ ಡಿಸೆಂಬರ್ 31ರಂದು ಬ್ರಾಡ್‌ಗೇಜ್ ಮಾಡುತ್ತೇವೆಂದು ಗಾಡಿ ನಿಲ್ಲಿಸಿದರು. ಆಮೇಲೆ ವರ್ಷ ವರ್ಷವೂ ಬಜೆಟ್ಟಿನಲ್ಲಿ ಚಿಲ್ಲರೆ ಕಾಸು, ವರ್ಷ ವರ್ಷವೂ ಒಂದಿಷ್ಟು ಮಣ್ಣು ಕೆಲಸ. ತೇನಿಗೆ ಗಾಡಿ ಮರಳಿದ್ದು 2022ರ ಮೇ ತಿಂಗಳ ಕೊನೆಯಲ್ಲಿ, ಬೋಡಿಗೆ 2023ರ ಜೂನ್ 15ರಂದು.

ಈ ದಿನಾಂಕಗಳನ್ನು ಮೇಲಿನ ವರ್ಗೀಕರಣದ ಪಕ್ಕದಲ್ಲಿಟ್ಟು ನೋಡಬೇಕು. ಗಾಡಿ ನಿಂತ ವಾರ ಬೋಡಿಯಲ್ಲಿ ಒಂದು ಮಗು ಹುಟ್ಟಿತೆಂದು ಭಾವಿಸೋಣ. ಅದು ಶೂನ್ಯಶಿಶುವಾಗಿದ್ದ ಐದೂ ವರ್ಷ ಊರಲ್ಲಿ ರೈಲಿಲ್ಲ. 2016ರ ಹೊಸ ವರ್ಷದ ಹೊತ್ತಿಗೆ ಅರ್ಧಶಿಶುವಾಯಿತು; ನಾಲ್ಕು ತಿಂಗಳೊಳಗೆ ಸರ್ಕಾರ ಅದರ ಅರ್ಧ ದರದ ಬರ್ತನ್ನೂ ಕಿತ್ತುಕೊಂಡಿತು, ರೈಲು ಮಾತ್ರ ಇನ್ನೂ ಇಲ್ಲ. 15 ಕಿಲೋಮೀಟರ್ ಆಚೆಯ ತೇನಿಗೆ ಗಾಡಿ ಬಂದಾಗ ಅದಕ್ಕೆ ಹನ್ನೊಂದು ದಾಟಿತ್ತು. ಬೋಡಿಗೆ ಬಂದಾಗ ಹನ್ನೆರಡು ದಾಟಿ ಪೂರ್ಣ ಟಿಕೆಟ್ಟಿಗೆ ಅರ್ಹವಾಗಿತ್ತು. ಬಿಟ್ಟಿ ಪಯಣದ ಹಕ್ಕು, ಅರ್ಧ ಟಿಕೆಟ್ಟಿನ ಹಕ್ಕು ಎರಡೂ ಕಾಗದದ ಮೇಲೆ ಇದ್ದು, ಎರಡೂ ಕಾಗದದ ಮೇಲೆಯೇ ಮುಗಿದವು. ಬಾಲ್ಯ ಮತ್ತು ಭೂದೃಶ್ಯಗಳ ಮುಖಾಮುಖಿ ಅಂದರೆ, ಬಹುಶಃ, ತುಕ್ಕು ಹಿಡಿದ ನಿಲ್ದಾಣದ ಫಲಕದ ಎದುರು ನಿಂತ ಮಗು.

ಇಲ್ಲಿ ಮೂರು ಆಕ್ಷೇಪಗಳು ಏಳುತ್ತವೆ. ತಮಿಳು ಸೀಮೆಯ ಒಂದು ಕವಲು ಹಳಿಯನ್ನು ಕಟ್ಟಿಕೊಂಡು ಕನ್ನಡ ಓದುಗನಿಗೇನು ಎಂಬುದು ಮೊದಲನೆಯದು. ಕಂಬಂ ಕಣಿವೆಯಲ್ಲಿ ತಲೆತಲಾಂತರದಿಂದ ಮನೆಯೊಳಗೆ ಕನ್ನಡವಾಡುವ ಒಕ್ಕಲಿಗರಿದ್ದಾರೆ. ಸುತ್ತಲಿನವರು ಅವರನ್ನು ಕಾಪ್ಪಿಲಿಯರು ಎನ್ನುತ್ತಾರೆ. ಜೂರಿಕ್‌ನ ಕನ್ನಡ ಮಗುವಿನ ಕಿಟಕಿಯ ಬಗ್ಗೆ ತಲೆ ಕೆಡಿಸಿಕೊಳ್ಳುವ ಶಾಸ್ತ್ರಕ್ಕೆ ಕಂಬಂನ ಕನ್ನಡ ಮಗು ಹೊರಗಿನದಾಗಬಾರದು. ಮೈಸೂರಿನಿಂದ ಬೆಂಗಳೂರಿನ ಮೇಲೆ ತೂತ್ತುಕುಡಿಗೆ ಹೋಗುವ ಎಕ್ಸ್‌ಪ್ರೆಸ್ ದಿಂಡಿಗಲ್‌ನಲ್ಲಿ ನಿಲ್ಲುತ್ತದೆ. ಅಲ್ಲಿಂದ ತೇನಿ ರಸ್ತೆಯಲ್ಲಿ ಸುಮಾರು 75 ಕಿಲೋಮೀಟರ್. ರೈಲಿನಲ್ಲೇ ಹೋಗುತ್ತೇನೆಂದರೆ ಮಧುರೈಗೆ ಇಳಿದು ಅಲ್ಲಿಂದ ಪಶ್ಚಿಮಕ್ಕೆ ತಿರುಗಬೇಕು. ದಾರಿ ಹೆಚ್ಚುಕಡಿಮೆ ಎರಡು ಪಟ್ಟು. ತೇನಿಯಿಂದಾಚೆ ಚಿನ್ನಮನೂರು, ಉತ್ತಮಪಾಳಯಂ, ಕಂಬಂ, ಗೂಡಲೂರು ಇವಾವುದಕ್ಕೂ ಹಳಿಯೇ ಇಲ್ಲ. ದಿಂಡಿಗಲ್‌ನಿಂದ ಕಣಿವೆಯ ತುದಿಯ ಲೋವರ್ ಕ್ಯಾಂಪಿಗೆ ನೇರ ಮಾರ್ಗ ಬೇಕೆಂಬ ಬೇಡಿಕೆ ಬಹಳ ಹಳೆಯದು, ಸಮೀಕ್ಷೆಯೂ ನಡೆದಿದೆ. ಇದೇ ದಿಂಡಿಗಲ್ ಜಿಲ್ಲೆಯಲ್ಲಿ, ಕೊಡೈಕನಾಲ್ ಬೆಟ್ಟದ ಬುಡದ ಅಮ್ಮಯನಾಯಕನೂರಿನ ನಿಲ್ದಾಣಕ್ಕೆ ಇಂದಿಗೂ ಕೊಡೈಕನಾಲ್ ರೋಡ್ ಎಂದೇ ಹೆಸರು. 1901ರಲ್ಲಿ ಬೆಟ್ಟದ ಮೇಲೆ ಶುರುವಾದ ಶಾಲೆ ಅಮೆರಿಕನ್ ಮಿಷನರಿಗಳ ಮಕ್ಕಳಿಗಾಗಿ ಇತ್ತು. ಯಾರ ಮಕ್ಕಳಿಗೆ ರೈಲು ಹತ್ತಿರವಾಗುತ್ತದೆ ಎಂಬುದಕ್ಕೆ ಈ ಸೀಮೆಯಲ್ಲೇ ಸಾಕಷ್ಟು ಇತಿಹಾಸವಿದೆ.

ಬಸ್ಸಿದೆಯಲ್ಲ ಎಂಬುದು ಎರಡನೆಯ ಆಕ್ಷೇಪ, ಅದು ಹಗುರವಾದದ್ದಲ್ಲ. ಬಸ್ಸು ರಾತ್ರಿಹಗಲು ಇದೆ, 2021ರಿಂದ ಸಾಮಾನ್ಯ ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟೂ ಇಲ್ಲ; ರೈಲು ಸತ್ತ ಹನ್ನೆರಡು ವರ್ಷ ಕಣಿವೆಯನ್ನು ಬದುಕಿಸಿದ್ದು ಬಸ್ಸೇ. ಆದರೆ ಕಣಿವೆಯಿಂದ ಕೇರಳಕ್ಕೆ ಏರುವ ಕುಮಳಿ ಘಾಟಿಯ ತಿರುವುಗಳಲ್ಲಿ ಮಕ್ಕಳ ವಿಷಯದಲ್ಲಿ ಸಂಭವಿಸುವ ಉದರಸ್ಥ ದ್ರವ್ಯಗಳ ಊರ್ಧ್ವಗಮನವನ್ನು ಬಸ್ಸುವಾದಿಗಳು ಅಷ್ಟಾಗಿ ಚರ್ಚಿಸುವುದಿಲ್ಲ. ಬಸ್ಸಿನಲ್ಲಿ ಜ್ವರದ ಮಗುವನ್ನು ಮಲಗಿಸುವಂತಿಲ್ಲ, ಪಾಯಿಖಾನೆಯಿಲ್ಲ. ಕಣಿವೆಯ ಜನ ಕಾಯಿಲೆಯ ಮಗುವನ್ನು ಎತ್ತಿಕೊಂಡು ಓಡುವುದು ಮಧುರೈಯ ದೊಡ್ಡಾಸ್ಪತ್ರೆಗೆ. 2022ರಲ್ಲಿ ಮರಳಿ ಬಂದ ಗಾಡಿಯ ವೇಳೆಯನ್ನು ನೋಡಿ: ಬೆಳಿಗ್ಗೆ ಮಧುರೈ ಬಿಟ್ಟು ತೇನಿಗೆ, ಸಂಜೆ ತೇನಿ ಬಿಟ್ಟು ಮಧುರೈಗೆ. ಮಧುರೈಯವರು ಬಂದು ಬೆಟ್ಟ ನೋಡಿ ಹೋಗುವುದಕ್ಕೆ ಹೇಳಿ ಮಾಡಿಸಿದ ಹೊತ್ತು. ಮಗುವನ್ನು ತೋರಿಸಲು ಹೋಗುವ ತಾಯಿ ಕತ್ತಲಾದ ಮೇಲೆ ಮಧುರೈಯಲ್ಲಿ ಇಳಿದು, ರಾತ್ರಿ ಎಲ್ಲಾದರೂ ಕಳೆದು, ಮರುದಿನ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವ ಹೊತ್ತಿಗೆ ವಾಪಸಿನ ಗಾಡಿ ಹೊರಟುಹೋಗಿರುತ್ತದೆ. ಸರ್ಕಾರದ ಪ್ರಕಟಣೆಯಲ್ಲಿ ಈ ಯೋಜನೆಯ ಫಲವೆಂದು ಹೇಳಿದ್ದು ಸುಗಮ ಸಂಪರ್ಕ ಮತ್ತು ಪ್ರವಾಸೋದ್ಯಮಕ್ಕೆ ಉತ್ತೇಜನ.

ಶ್ರೀಮಂತ ಯುರೋಪಿನ ಜೊತೆ ನಮ್ಮನ್ನು ತೂಗುವುದು ಅನ್ಯಾಯ ಎಂಬುದು ಕೊನೆಯ ಆಕ್ಷೇಪ. ತೂಗುವುದು ಬೇಡ. ಜಾರುಬಂಡೆ, ಸಿನಿಮಾ ಪರದೆ ಎಲ್ಲ ಫಿನ್ಲೆಂಡಿನವರಿಗೇ ಇರಲಿ. ನಮ್ಮ ಗಾಡಿಗಳಲ್ಲಿ ತಾಯಂದಿರು ಸೀರೆಯ ಎರಡು ತುದಿಯನ್ನು ಬರ್ತಿನ ಸರಪಳಿಗೋ ಸಾಮಾನಿನ ಕಂಬಿಗೋ ಬಿಗಿದು ಜೋಲಿ ಕಟ್ಟಿ ಕೂಸನ್ನು ತೂಗುತ್ತಾರೆ. ‘ವಸ್ತ್ರಜನ್ಯ ದೋಲಾಯಮಾನ ಶಯನವ್ಯವಸ್ಥೆ’ ಎಂದು ಇದಕ್ಕೆ ಹೆಸರಿಟ್ಟು ವಿಚಾರಸಂಕಿರಣ ಮಾಡಲು ಅಡ್ಡಿಯಿಲ್ಲ. 2022ರ ಮೇ ತಿಂಗಳಲ್ಲಿ, ತಾಯಂದಿರ ದಿನದ ಸುಮಾರಿಗೆ, ಲಖನೌ ಮೇಲ್‌ನ ಒಂದು ಡಬ್ಬಿಯಲ್ಲಿ ಎರಡು ಕೆಳ ಬರ್ತುಗಳ ಪಕ್ಕಕ್ಕೆ ಮಡಚುವ ಶಿಶುಬರ್ತ್ ಜೋಡಿಸಿ ಪ್ರಯೋಗ ಮಾಡಿದರು. ದೇಶವೆಲ್ಲ ಚಿತ್ರ ನೋಡಿ ಸಂತೋಷಪಟ್ಟಿತು. ಒಂದು ತುಂಡು ಕಬ್ಬಿಣ, ಒಂದು ಪಟ್ಟಿ. ಹಣವಿಲ್ಲ ಎನ್ನುವ ಮಾತನ್ನು ಯಾರೂ ಆಡಬಾರದು. ಮಧುರೈ-ತೇನಿ ನಡುವಿನ 75 ಕಿಲೋಮೀಟರಿಗೆ ಖರ್ಚಾದದ್ದು 500 ಕೋಟಿಗೂ ಮಿಗಿಲು ಎಂದು ಸರ್ಕಾರವೇ ಹೇಳಿದೆ. 2022-23ರಲ್ಲಿ ಮಕ್ಕಳ ಬರ್ತಿನಿಂದ ಕಿತ್ತುಕೊಂಡದ್ದು 560 ಕೋಟಿ. ಒಂದು ವರ್ಷದ ಮಕ್ಕಳ ದುಡ್ಡಿನಲ್ಲಿ ಆಗುತ್ತಿದ್ದ ಹಳಿಗೆ ಹನ್ನೊಂದು ವರ್ಷಕ್ಕೂ ಮಿಗಿಲು ತೆಗೆದುಕೊಂಡರು. ಅಷ್ಟು ವರ್ಷಗಳಲ್ಲಿ ಒಂದು ಜಿಲ್ಲೆಯ ಮಕ್ಕಳು ಊರ ನಿಲ್ದಾಣದಲ್ಲಿ ರೈಲು ನೋಡದೆ ದೊಡ್ಡವರಾದರು, ಅದು ಯಾವ ಕಡತದಲ್ಲೂ ನಷ್ಟವೆಂದು ದಾಖಲಾಗಲಿಲ್ಲ. ನಷ್ಟವೆಂದು ಬರೆಯಲು ಅವರ ಹೆಸರಿನಲ್ಲಿ ಒಂದು ಟಿಕೆಟ್ಟಾದರೂ ಹರಿದಿರಬೇಕಲ್ಲ!

ಅನುಸಂಧಾನ ಇಲ್ಲಿಗೆ ಸಾಕು. 2016ರ ಆದೇಶವನ್ನು ಹಿಂದಕ್ಕೆ ಪಡೆದು ಹನ್ನೆರಡರೊಳಗಿನ ಮಕ್ಕಳಿಗೆ ಅರ್ಧ ದರದಲ್ಲೇ ಬರ್ತ್ ಕೊಡಬೇಕು. ಬೆಳಿಗ್ಗೆ ಬೋಡಿ ಬಿಟ್ಟು ಆಸ್ಪತ್ರೆ ಬಾಗಿಲು ತೆರೆಯುವ ಮುಂಚೆ ಮಧುರೈ ಮುಟ್ಟುವ, ಸಂಜೆ ಮರಳುವ ಪ್ಯಾಸೆಂಜರ್ ಗಾಡಿ ದಿನವೂ ಓಡಬೇಕು. ದಿಂಡಿಗಲ್-ಲೋವರ್ ಕ್ಯಾಂಪ್ ಮಾರ್ಗಕ್ಕೆ ಸಮೀಕ್ಷೆ ಆಗಿದೆ; ಇನ್ನು ಬೇಕಾದದ್ದು ಹಳಿ.