ಒಂದು ಯು, ಎರಡು ಓ

ಸವಣೂರಿನಲ್ಲಿ ಒಬ್ಬ ಮನುಷ್ಯನ ಗುರುತು ಹಿಡಿಯಲು ಯಾರಿಗೂ ಹೆಚ್ಚು ಹೊತ್ತು ಬೇಕಾಗುವುದಿಲ್ಲ. "ಯಾರ ಪೈಕಿ ರೀ?" ಎಂದು ಕೇಳಿ, ಅಜ್ಜನ ಹೆಸರು ಕಿವಿಗೆ ಬಿದ್ದದ್ದೇ ತಡ, ಕೂರಿಸಿ ಚಹಾ ತರಿಸುತ್ತಾರೆ. ಇಂಥ ಊರಲ್ಲಿ ನಾವೇ ದುಡ್ಡು ಕೊಟ್ಟು ತಂದ, ನಾವೇ ದಿನಾ ಧೂಳು ಒರೆಸುವ ಕಂಪ್ಯೂಟರು ಮುಂಜಾನೆ ಎದ್ದು "ನೀನು ಯಾರು?" ಎಂದು ಕೇಳಿದರೆ ಸಿಟ್ಟು ಬರದೆ ಏನಾದೀತು?

ಪಾಸ್‌ವರ್ಡ್ ಹೊಂದದಿದ್ದರೆ ತಪ್ಪು ಮರೆವಿನದು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಊರ ಹೆಸರನ್ನೇ ಪಾಸ್‌ವರ್ಡ್ ಮಾಡಿಕೊಂಡವನು ಊರ ಹೆಸರು ಮರೆಯುತ್ತಾನೆಯೇ? ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೇಗೆ ಬರೆದಿದ್ದೆ ಎಂಬುದಷ್ಟೇ ಮರೆತಿರುತ್ತದೆ. ಕೊನೆಯಲ್ಲಿ ಒಂದು ಯು ಇತ್ತೋ, ಎರಡು ಓ ಇದ್ದವೋ? ಊರಿನ ಖಾರಾ ಮೇಲೆ ಪ್ರೀತಿ ಇಟ್ಟು ಅದರ ಹೆಸರಿಟ್ಟವನಿಗೆ ಕೆ ಆದಮೇಲೆ ಎಚ್ ಹಾಕಿದ್ದೆನೋ ಇಲ್ಲವೋ ಎಂಬ ಚಿಂತೆ. ದೊಡ್ಡಹುಣಸೆ ಮಠದ ಬಾವೊಬಾಬ್ ಮರಗಳನ್ನು ನಂಬಿಕೊಂಡವನ ಪಾಡಂತೂ ಕೇಳುವುದೇ ಬೇಡ. ಡಿ ಎಷ್ಟು? ಹುಣಸೆಯೋ, ಹುಣಿಸೆಯೋ? ಆಫ್ರಿಕಾ ಮೂಲದ ಆ ಮೂರು ದೈತ್ಯ ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿ ಬಿತ್ತು. ಅದನ್ನು ಮತ್ತೆ ನೆಟ್ಟು ನಿಲ್ಲಿಸಿದರು. ಮರೆತ ಪಾಸ್‌ವರ್ಡಿಗೆ ಅಷ್ಟು ಜನ ಕೈಹಚ್ಚುವುದಿಲ್ಲ.

ಇದರ ಮೇಲೆ ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರಲೇಬೇಕೆಂಬ ಕಟ್ಟಳೆ ಬೇರೆ. ಅಕ್ಷರದಲ್ಲಿ ದೊಡ್ಡದು ಸಣ್ಣದು ಎಂಬ ಭೇದವನ್ನೇ ಎಣಿಸದ ಕನ್ನಡದವರಿಗೆ ಇದು ಸುಮ್ಮನೆ ಹೊರೆ. ಈ ಕಟ್ಟಳೆಯನ್ನು ಊರೂರಿಗೆ ಹಬ್ಬಿಸಿದ್ದು ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆಯಲ್ಲಿದ್ದ ಬಿಲ್ ಬರ್ 2003ರಲ್ಲಿ ಬರೆದ ಕೈಪಿಡಿ. ನಿವೃತ್ತರಾದ ಮೇಲೆ 2017ರಲ್ಲಿ ಅವರೇ ಅದಕ್ಕಾಗಿ ಹಳಹಳಿಸಿದರು. ಅಷ್ಟರಲ್ಲಿ ನಾವೆಲ್ಲ ಊರ ಹೆಸರಿನ ಬಾಲಕ್ಕೆ ಒಂದು ಅಟ್ ಚಿಹ್ನೆ, ಅದರ ಬಾಲಕ್ಕೆ ಒಂದು ಎರಡು ಮೂರು ಅಂಟಿಸಿ ಆಗಿತ್ತು.

ನಿಜವಾದ ಕಿತಾಪತಿ ಇರುವುದು ಆ ಕರಿ ಚುಕ್ಕಿಗಳಲ್ಲಿ. ಬರೆದವನಿಗೇ ಓದಲು ಬಾರದ ಬರಹ ಲೋಕದಲ್ಲಿ ಇದೊಂದೇ ಇರಬೇಕು (ವೈದ್ಯರ ಚೀಟಿಯನ್ನು ಔಷಧ ಅಂಗಡಿಯವನಾದರೂ ಓದುತ್ತಾನೆ). ಕ್ಯಾಪ್ಸ್ ಲಾಕ್ ಬಿದ್ದಿದ್ದರೂ ಚುಕ್ಕಿ, ಬೀಳದಿದ್ದರೂ ಚುಕ್ಕಿ. ನಮ್ಮ ಕಡೆಯ ಕಚೇರಿಗಳಲ್ಲಿ ಇನ್ನೊಂದು ತಮಾಷೆಯೂ ಉಂಟು. ಅರ್ಜಿ ಬರೆಯಲು ನುಡಿ ತಂತ್ರಾಂಶ ಹಚ್ಚಿ ಸ್ಕ್ರಾಲ್ ಲಾಕ್ ಒತ್ತಿರುತ್ತಾರೆ. ಅರ್ಜಿ ಮುಗಿಯುತ್ತದೆ, ಒತ್ತಿದ್ದು ಮರೆತುಹೋಗುತ್ತದೆ, ಯಾವುದೋ ಜಾಲತಾಣದ ಬಾಗಿಲಲ್ಲಿ ಹಳೇ ಪಾಸ್‌ವರ್ಡ್ ಕುಟ್ಟುತ್ತಾರೆ. ಒಳಗೆ ಬೀಳುವುದು ಕನ್ನಡ, ಮೇಲೆ ಕಾಣುವುದು ಅದೇ ಚುಕ್ಕಿ. ವಿಂಡೋಸಿನ ಮೊದಲ ತೆರೆಯಲ್ಲಾದರೆ ಬಲಗಡೆ ಕೆಳಮೂಲೆಯಲ್ಲಿ ಯಾವ ಭಾಷೆಯ ಕೀಲಿಮಣೆ ಇದೆ ಎಂದು ಸಣ್ಣದಾಗಿ ಬರೆದಿರುತ್ತದೆ. ಆ ಮೂಲೆಯನ್ನು ಯಾರೂ ನೋಡುವುದಿಲ್ಲ. ನೋಡಬೇಕು. ಪಾಸ್‌ವರ್ಡಿನ ಪಕ್ಕದ ಕಣ್ಣಿನ ಚಿತ್ರ ಒತ್ತಿದರೆ ಚುಕ್ಕಿ ಕಳಚಿ ಅಕ್ಷರ ಕಾಣುತ್ತದೆ. ಕಣ್ಣಿಲ್ಲದ ಕಡೆ ಹಳಬರ ಉಪಾಯವೊಂದಿದೆ: ಪಾಸ್‌ವರ್ಡನ್ನು ಬಳಕೆದಾರರ ಹೆಸರಿನ ಜಾಗದಲ್ಲಿ ಹೊಡೆದು ನೋಡಿ, ಕೂಡಲೇ ಅಳಿಸಿಬಿಡುವುದು. ಹಿಂದೆ ಯಾರೂ ನಿಂತಿರಬಾರದು, ಅಷ್ಟೇ. ಸವಣೂರಿನಲ್ಲಿ ಅದೇ ಕಷ್ಟ.

ನಿವೃತ್ತ ಹೆಡ್‌ಮಾಸ್ತರರಾದ ನಮ್ಮ ಕಾಕಾ ಒಮ್ಮೆ ಕರೆಸಿದರು. "ತಮ್ಮಾ, ಲಾಗಿನ್ ಆಗವಲ್ದು. ಯಾರೋ ಹ್ಯಾಕ್ ಮಾಡ್ಯಾರ." ಕಣ್ಣಿನ ಚಿತ್ರ ಒತ್ತಿ ನೋಡಿದರೆ ಪಾಸ್‌ವರ್ಡಿನಲ್ಲಿ ಎ ಎಂಬ ಅಕ್ಷರವೇ ಬೀಳುತ್ತಿಲ್ಲ. ಕೀಲಿಮಣೆಯನ್ನು ಪತ್ರಿಕೆಯ ಮೇಲೆ ಬೋರಲು ಹಾಕಿ ತಟ್ಟಿದೆ. ಸೇವಿನ ಚೂರು, ಶೇಂಗಾದ ಸಿಪ್ಪೆ, ಕೆಂಪು ಖಾರದ ಪುಡಿ, ಎಲೆ ಅಡಿಕೆಯ ಜೊತೆ ಉದುರಿದ್ದ ಅಡಿಕೆಯ ಒಂದು ಹೋಳು. ಹ್ಯಾಕ್ ಮಾಡಿದವರನ್ನು ಒಬ್ಬೊಬ್ಬರನ್ನಾಗಿ ಕಾಕೂ ಕೈಯಲ್ಲಿ ಹಿಡಿದು ತೋರಿಸಿದರು. ಕಾಕಾ ಎದ್ದು ಹಿತ್ತಲಿಗೆ ಹೋದರು.

ಹಳೇ ಯಂತ್ರಗಳಲ್ಲಿ ಮದರ್‌ಬೋರ್ಡಿನ ಗುಂಡಗಿನ ಸಿಆರ್ 2032 ಬ್ಯಾಟರಿ ಸತ್ತರೂ ಇದೇ ಗೋಳು. ದಿನಾಂಕ ಹಿಂದಕ್ಕೆ ಜಾರುತ್ತದೆ, ಜಾಲತಾಣಗಳ ಭದ್ರತಾ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲವೆಂದು ಯಂತ್ರಕ್ಕೆ ತೋರಿ, ಯಾರನ್ನೂ ನಂಬದೆ ಕೂರುತ್ತದೆ. ತಾರೀಖು ಸರಿಮಾಡಿದರೆ ಸಾಕು.

1756ರಲ್ಲಿ ಪೇಶ್ವೆಯ ಸೈನ್ಯ, ಜೊತೆಗೆ ಫ್ರೆಂಚರ ಬುಸ್ಸಿಯ ತೋಪುಗಳು ಬಂದು ಸವಣೂರಿಗೆ ಮುತ್ತಿಗೆ ಹಾಕಿದಾಗ ನವಾಬರು ಕೊನೆಗೆ ಸಂಧಿಗೆ ಒಪ್ಪಿದರು. ಕಂಪ್ಯೂಟರಿಗೆ ಸಂಧಿ ಗೊತ್ತಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿ ಎನ್ನುತ್ತದೆ. ಹೆಚ್ಚು ಕಾಡಿದರೆ ಗುಟ್ಟಿನ ಪ್ರಶ್ನೆ ಕೇಳುತ್ತದೆ: ಹುಟ್ಟಿದ ಊರು? ತಾಯಿಯ ತವರುಮನೆಯ ಹೆಸರು? ಇವು ಗುಟ್ಟೇ? ಅಡ್ಡಹೆಸರು ಗೋಕಾಕ ಎಂದಿದ್ದರೂ ವಿ. ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ ಎಂಬುದು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಇನ್ನು ತಾಯಂದಿರ ತವರುಮನೆಯ ಹೆಸರನ್ನು ಓಣಿಯ ಯಾವ ಅಜ್ಜಿಯಾದರೂ ಅಲ್ಲಿನ ಜಗಳಗಳ ಸಮೇತ ಹೇಳುತ್ತಾಳೆ. ಗುಟ್ಟು ಒಡೆಯುವುದರಲ್ಲಿ ನಾವೇ ಮೊದಲೇನಲ್ಲ ಬಿಡಿ. 1966ರಲ್ಲಿ ಅಮೆರಿಕದ ಎಂಐಟಿಯಲ್ಲಿ ಎರಡು ಕಡತ ಅದಲುಬದಲಾಗಿ, ದಿನದ ಸಂದೇಶ ತೋರಿಸಬೇಕಿದ್ದ ಜಾಗದಲ್ಲಿ ಎಲ್ಲರ ಪಾಸ್‌ವರ್ಡ್ ಪಟ್ಟಿಯೇ ಲಾಗಿನ್ ಆದವರ ಕಣ್ಣಿಗೆ ಬಿದ್ದಿತ್ತು.

ಈಗ ಎಲ್ಲದಕ್ಕೂ ಓಟಿಪಿ. ಅಪ್ಪನ ಖಾತೆ, ಆದರೆ ಫೋನ್ ನಂಬರು ಬೆಂಗಳೂರಿನ ಮಗನದು. ಮೊನ್ನೆ ಆನ್‌ಲೈನ್ ಅಂಗಡಿಯಲ್ಲಿ ಕೂತಿದ್ದ ಹಿರಿಯರೊಬ್ಬರು ಅಂಗಡಿಯವನ ಫೋನಿನಿಂದ ಮಗನಿಗೆ ಹಚ್ಚಿ, "ನಂಬರ್ ಬಂದದ ನೋಡು, ಹೇಳು" ಎಂದರು. ಓಟಿಪಿ ಯಾರಿಗೂ ಹೇಳಬಾರದೆಂದು ಮಗ ಎಲ್ಲ ಕಡೆ ಕೇಳಿದ್ದನಲ್ಲ.

"ಯಾರು ಮಾತಾಡೋದು?"

"ನಿಮ್ಮಪ್ಪ."

"ಹಂಗ ಎಲ್ಲಾರೂ ಅಂತಾರ. ನಮ್ಮ ಬಲಗಡಿ ಎತ್ತಿನ ಹೆಸರೇನು?"

"ಅದನ್ನ ಮಾರಿ ಎರಡು ವರ್ಷ ಆತಲ್ಲೋ!" ಎಂದು ಹಿರಿಯರು ಶುರು ಮಾಡಿದರು. ಯಾಕೆ ಮಾರಿದ್ದು, ಎಷ್ಟಕ್ಕೆ, ಆ ದುಡ್ಡು ಯಾರ ಫೀಸಿಗೆ ಹೋಯಿತು ಎಲ್ಲ ಬಂತು. ಮಗನಿಗೆ ಗುರುತು ಸಿಕ್ಕಿತು. ಅಷ್ಟರಲ್ಲಿ ಓಟಿಪಿಯ ಅವಧಿ ಮುಗಿದಿತ್ತು.