ಮೀನಿಗೆ ರಜೆ, ಮಾಸ್ತರರಿಗೆ ಮೌಲ್ಯಮಾಪನ

ಜೂನ್ ಒಂದನೇ ತಾರೀಖು ಬಂತೆಂದರೆ ಕಾರವಾರದ ಬೈತಖೋಲ ಬಂದರಿನಲ್ಲಿ ಟ್ರಾಲರುಗಳೂ ಪರ್ಸೀನ್ ಬೋಟುಗಳೂ ಮೈಗೆ ಮೈ ತಾಗಿಸಿಕೊಂಡು ನಿಂತುಬಿಡುತ್ತವೆ. ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. 10 ಅಶ್ವಶಕ್ತಿ ಮೀರಿದ ಮೋಟಾರು ಕಟ್ಟಿಕೊಂಡ ನಾಡದೋಣಿಗೂ ಇದೇ ಕಟ್ಟಳೆ. ಮಳೆಗಾಲ ಮೀನು ಮೊಟ್ಟೆಯಿಡುವ ಕಾಲ, ಮರಿ ಬಲಿಯಲಿ, ಯಾರೂ ಗೋಳು ಹೊಯ್ದುಕೊಳ್ಳಬಾರದು ಎನ್ನುವುದು ಸರ್ಕಾರಿ ಆದೇಶದ ತಿರುಳು. ಪತ್ರಿಕೆಯಲ್ಲಿ ಆ ಸುದ್ದಿ ಓದಿದಾಗಲೆಲ್ಲ ನನಗೆ ಸಣ್ಣಗೆ ಹೊಟ್ಟೆ ಉರಿಯುತ್ತದೆ. ರಜೆ ಮುಗಿದ ಮೇಲೆ ಬಂಗಡೆಯನ್ನು ಯಾರೂ ಎದುರಿಗೆ ಕೂರಿಸಿಕೊಂಡು, ಈ 61 ದಿನದಲ್ಲಿ ಎಷ್ಟು ಲೇಖನ ಪ್ರಕಟಿಸಿದೆ ಎಂದು ಕೇಳುವುದಿಲ್ಲ.

ನಾನು ಕಾಲೇಜು ಮಾಸ್ತರ. ಮನೆ ಹಬ್ಬುವಾಡದಲ್ಲಿ, ಕೆಲಸ ಅಂಕೋಲೆಯ ಆಚೆಗೊಂದು ಕಾಲೇಜಿನಲ್ಲಿ ಕನ್ನಡ ಕಲಿಸುವುದು. ಕಾಲೇಜಿನ ಹೆಸರು ಹೇಳುವುದಿಲ್ಲ, ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬರುವುದಿದೆ. ಕಾಗದದ ಮೇಲೆ ನಮಗೂ ರಜೆಯುಂಟು. ಆ ರಜೆಯಲ್ಲಿ ಉತ್ತರಪತ್ರಿಕೆಯ ಕಟ್ಟು ಬಿಚ್ಚಬೇಕು, ಅಂಕಗಳನ್ನು ಪೋರ್ಟಲ್ಲಿಗೆ ಏರಿಸಬೇಕು, ಪೋರ್ಟಲ್ ಮಲಗಿದ್ದರೆ ಅದು ಏಳುವವರೆಗೆ ನಾವು ಎಚ್ಚರವಿರಬೇಕು, ನಡುವೆ ಬಿಡುವಾದರೆ ಸಂಶೋಧನೆ ಮಾಡಬೇಕು. ಬಹುಶಃ ನಾನು 10 ಅಶ್ವಶಕ್ತಿಯ ಒಳಗಿನವನು, ಹಾಗಾಗಿ ನಿಷೇಧ ನನಗೆ ಅನ್ವಯಿಸುವುದಿಲ್ಲ ಎಂದು ಸಮಾಧಾನ ತಂದುಕೊಳ್ಳುತ್ತೇನೆ.

ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, 2018ರ ನಿಯಮಾವಳಿಯ ಪ್ರಕಾರ ಅಧ್ಯಾಪಕರಾದವರಿಗೆ ವಾರಕ್ಕೆ 40 ಗಂಟೆಗೆ ಕಡಿಮೆಯಿಲ್ಲದ ದುಡಿಮೆ, ಅದರಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ 16 ಗಂಟೆ ಪಾಠ. ಉಳಿದ ಗಂಟೆಗಳಲ್ಲಿ ಏನು ಮಾಡಿದೆವೆಂಬುದಕ್ಕೆ ಲೆಕ್ಕ ಒಪ್ಪಿಸಬೇಕು. ಅದೇ ನಿಯಮಾವಳಿಯ ಕೋಷ್ಟಕದಲ್ಲಿ ಒಂದು ಸಂಶೋಧನ ಲೇಖನಕ್ಕೆ ವಿಜ್ಞಾನದವರಿಗೆ 8 ಅಂಕ, ಭಾಷೆ-ಮಾನವಿಕದವರಿಗೆ 10. ಎಸ್ಸೆಸ್ಸೆಲ್ಸಿಯಿಂದ ಈಚೆಗೆ ವಿಜ್ಞಾನದವರಿಗಿಂತ ನನಗೆ ಎರಡಂಕ ಹೆಚ್ಚು ಸಿಕ್ಕ ಏಕೈಕ ಪ್ರಸಂಗ ಇದು. ಲೇಖನ ಎಲ್ಲಿ ಪ್ರಕಟಿಸಬೇಕು ಎಂಬುದಕ್ಕೂ ಒಂದು ಪಟ್ಟಿಯಿತ್ತು, ಅದರ ಹೆಸರು 'ಕೇರ್'. ಇಡೀ ವೃತ್ತಿಯಲ್ಲಿ ಆ ಪದ ನನ್ನ ಕಣ್ಣಿಗೆ ಬಿದ್ದದ್ದು ಅಲ್ಲೊಂದೇ ಕಡೆ. 2025ರ ಫೆಬ್ರವರಿಯಲ್ಲಿ ಅದನ್ನೂ ನಿಲ್ಲಿಸಿದರು.

ಹಾಗೆಂದು ನನ್ನನ್ನು ಹೊಗಳುವವರೇ ಇಲ್ಲವೆಂದಲ್ಲ. ದಿನಬೆಳಗಾದರೆ ಇಮೇಲಿನಲ್ಲಿ ಯಾರೋ ನನ್ನನ್ನು 'ಜಗದ್ವಿಖ್ಯಾತ ವಿದ್ವಾಂಸರೇ' ಎಂದು ಕರೆಯುತ್ತಾರೆ. ನಿಮ್ಮ ಅಮೂಲ್ಯ ಸಂಶೋಧನೆಗಾಗಿ ಕಾಯುತ್ತಿದ್ದೇವೆ, ಮೂರು ದಿನದಲ್ಲಿ ಪ್ರಕಟಿಸುತ್ತೇವೆ, ಹಣವನ್ನು ಈ ಖಾತೆಗೆ ಹಾಕಿ ಎನ್ನುತ್ತಾರೆ. ಹೃದಯ ಶಸ್ತ್ರಚಿಕಿತ್ಸೆಯ ಸಮ್ಮೇಳನವೊಂದರಲ್ಲಿ ದಿಕ್ಸೂಚಿ ಭಾಷಣ ಮಾಡಬೇಕೆಂಬ ಕರೆಯೂ ಬಂದಿತ್ತು. ನಾನು ಕೆಲಸ ಮಾಡಿದ್ದು ಹಳಗನ್ನಡ ಗದ್ಯದ ಮೇಲೆ. ಮೋಸವೆಂದು ಗೊತ್ತಿದ್ದೂ ಅಳಿಸುವ ಮುನ್ನ ಒಂದು ಸಲ ಪೂರ್ತಿ ಓದುತ್ತೇನೆ. ಒಳ್ಳೆಯ ಮಾತು ಕೇಳದೆ ಬಹಳ ದಿನವಾಗಿರುತ್ತದೆ.

ಇಂಥ ಹೊತ್ತಿನಲ್ಲಿ 'ಅಧ್ಯಾಪಕರ ಕ್ಷೇಮ ಮತ್ತು ಸ್ವಾನುಕಂಪ' ಎಂಬ ವಿಷಯದ ಮೇಲೆ ಅಧ್ಯಾಪಕರಿಗೆ ತರಬೇತಿ ಕೊಡುವ ಆನ್‌ಲೈನ್ ಎಫ್‌ಡಿಪಿ ಬಂತು. ಕ್ಷೇಮ ಬೇಕಾದವರು ಸೇರಬಹುದು, ಬೇಡದವರು ಕಡ್ಡಾಯವಾಗಿ ಸೇರಬೇಕು ಎನ್ನುವ ಧಾಟಿಯ ಸುತ್ತೋಲೆ. ಸಂಪನ್ಮೂಲ ವ್ಯಕ್ತಿಗಳು ಮೆಲುದನಿಯಲ್ಲಿ ಉಸಿರು ಎಳೆದುಕೊಳ್ಳಿ ಎಂದರು, ಎಳೆದುಕೊಂಡೆ. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಬಿಡಿ ಎಂದು ಹೇಳುವವರಿಲ್ಲದೆ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ತಮಾಷೆ ಇರಲಿ, ವಿಷಯ ಮಾತ್ರ ಗಟ್ಟಿಯಾದದ್ದೇ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಲ್ಲಿ ಸ್ವಾನುಕಂಪದ ಬಗ್ಗೆ ಬರೆದರು. ಅವರ ಪ್ರಕಾರ ಇದಕ್ಕೆ ಮೂರು ಕಾಲು. ಸೋತಾಗ ತನ್ನನ್ನು ತಾನೇ ಹಳಿದುಕೊಳ್ಳದೆ, ಗೆಳೆಯನೊಬ್ಬ ಸೋತು ಬಂದರೆ ಹೇಗೆ ಮಾತಾಡುತ್ತೇವೋ ಹಾಗೆ ತನ್ನೊಂದಿಗೂ ಮಾತಾಡುವುದು ಒಂದು. ಈ ಸೋಲು ನನ್ನೊಬ್ಬನದೇ ಅಲ್ಲ, ಮನುಷ್ಯರಾಗಿ ಹುಟ್ಟಿದ ಎಲ್ಲರ ಪಾಲು ಎಂದು ತಿಳಿಯುವುದು ಇನ್ನೊಂದು. ನೋವನ್ನು ಮುಚ್ಚಿಡದೆ, ಹಾಗೆಯೇ ಉಬ್ಬಿಸದೆ, ಇದ್ದ ಹಾಗೆ ನೋಡುವುದು ಮೂರನೆಯದು. ಮೊದಲನೆಯದರ ಬಗ್ಗೆ ನನಗೊಂದು ತಕರಾರಿದೆ. ನಮ್ಮ ಕರಾವಳಿಯ ಗೆಳೆಯರು ಹೇಗೆ ಮಾತಾಡುತ್ತಾರೆಂದು ನೆಫ್ ಅವರಿಗೆ ತಿಳಿದಂತಿಲ್ಲ. ಪುಸ್ತಕ ಪ್ರಕಟವಾಯಿತು ಎಂದರೆ, "ದಪ್ಪ ಇದೆಯಾ ಮಾರಾಯಾ? ಮಂಚದ ಕಾಲಿಗೆ ಕೊಡಲಿಕ್ಕೆ ಒಂದು ಬೇಕಾಗಿತ್ತು" ಎನ್ನುವ ಜನ ಇವರು.

ನೆಫ್ ಅವರು ಸ್ವಾನುಕಂಪ ಅಳೆಯಲು 26 ವಾಕ್ಯಗಳ ಪ್ರಶ್ನಾವಳಿಯನ್ನೂ ಮಾಡಿದ್ದಾರೆ. ಪ್ರತಿ ವಾಕ್ಯಕ್ಕೆ 1ರಿಂದ 5ರೊಳಗೆ ಅಂಕ ಕೊಟ್ಟುಕೊಳ್ಳಬೇಕು. ಅದನ್ನು ನಮ್ಮ ಎಫ್‌ಡಿಪಿಯಲ್ಲಿ ತುಂಬಿಸಿದರು. ಪ್ರಶ್ನೆಪತ್ರಿಕೆ ಎಂದ ಕೂಡಲೇ ಬೆನ್ನು ನೆಟ್ಟಗಾಗುವ ಜಾತಿ ನಮ್ಮದು. ಯಾವ ಉತ್ತರಕ್ಕೆ ಹೆಚ್ಚು ಅಂಕ ಬರಬಹುದು ಎಂದು ಊಹಿಸಿ ಊಹಿಸಿ ಬರೆದೆ, ಆದರೂ ಸರಾಸರಿಗಿಂತ ಕೆಳಗೇ ಉಳಿದೆ. ಸ್ವಾನುಕಂಪದಲ್ಲಿ ಇಷ್ಟು ಕಡಿಮೆ ಅಂಕ ತೆಗೆದ ನಿನಗೆ ನಾಚಿಕೆಯಾಗಬೇಕು ಎಂದು ಆ ರಾತ್ರಿಯೆಲ್ಲ ನನ್ನನ್ನು ಬೈದುಕೊಂಡೆ.

ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಉತ್ತರಪತ್ರಿಕೆ ಹರವಿಕೊಂಡು ಕೂತಿದ್ದಾಗ ನಮ್ಮ ಮಾಮೂಲಿ ಮೀನಿನ ಹೆಂಗಸು ಬಂದಳು. ಮಳೆಗಾಲದಲ್ಲಿ ಅವಳ ಬುಟ್ಟಿಯಲ್ಲಿ ನಾಡದೋಣಿಯವರು ತಂದ ಸಣ್ಣಪುಟ್ಟ ಮೀನು, ಕಾಳಿ ನದಿಯ ಹಿನ್ನೀರಿನ ತಿಸ್ರೆ, ಅದೂ ಇಲ್ಲದ ದಿನ ಒಣಬಂಗಡೆ. ಬುಟ್ಟಿ ಇಳಿಸಿ, ತಲೆಯ ಸಿಂಬಿಯನ್ನು ಬಿಚ್ಚಿ ಅದರಿಂದಲೇ ಮುಖ ಒರೆಸಿಕೊಂಡು, ಕಾಗದದ ರಾಶಿ ನೋಡಿ ಕೇಳಿದಳು:

"ರಜೆ ಅಲ್ವಾ ಮಾಸ್ತರೇ? ಮತ್ತೆಂತ ಬೆಳಿಗ್ಗೆಯಿಂದ ಗೀಚ್ತಾ ಕೂತದ್ದು?"

"ರಜೆಯೇ. ಕೆಲಸ ಬಾಕಿ ಇದೆ."

"ಕೆಲಸ ಬಾಕಿ ಇದ್ರೆ ಅದೆಂತ ರಜೆ? ಬೋಟು ಕಟ್ಟಿದ್ರೆ ಕಟ್ಟಿದ ಹಾಗೆ."

ಮೀನುಗಳ ಪುಣ್ಯದ ಬಗ್ಗೆ ನಾನೊಂದು ಸಣ್ಣ ಉಪನ್ಯಾಸ ಕೊಟ್ಟೆ. ಅವಳು ಒಪ್ಪಲಿಲ್ಲ. "ಮೀನಿಗೆ ರಜೆ, ಹೌದು. ಬೋಟಿನ ಆಳುಗಳಿಗೆ? ಎರಡು ತಿಂಗಳು ಅವರ ಮನೆ ಒಲೆಗೂ ರಜೆಯೇ" ಎಂದಳು. ಮಾರಾಟವಾಗದೆ ಉಳಿದ ಮೀನನ್ನು ಏನು ಮಾಡುತ್ತೀ, ಬೇಸರವಾಗುವುದಿಲ್ಲವೇ ಎಂದರೆ ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಬೇಸರ ಎಂತಕ್ಕೆ? ಉಪ್ಪು ಹಾಕಿ ಬಿಸಿಲಿಗೆ ಹಾಕೂದು. ಮಳೆಗಾಲಕ್ಕೆ ಅದಕ್ಕೇ ರೇಟು ಜಾಸ್ತಿ." ಹೆಂಡತಿ ಒಳಗಿನಿಂದ ಬಂದು ಆ ರೇಟಿನ ಬಗ್ಗೆ ಚರ್ಚೆ ಎತ್ತಿಕೊಂಡದ್ದರಿಂದ ತತ್ತ್ವಜಿಜ್ಞಾಸೆ ಅಲ್ಲಿಗೆ ನಿಂತಿತು.

ಅವಳ ಉಪ್ಪಿನ ಮಾತು ಮಾತ್ರ ತಲೆಯಲ್ಲಿ ಉಳಿಯಿತು. ಕಥೆಗಾರ ಯಶವಂತ ಚಿತ್ತಾಲರ ಊರಾದ ಹನೇಹಳ್ಳಿಯ ಮೇಲೆ ನಾನು ಬರೆದ ಲೇಖನವೊಂದು ಸೈದ್ಧಾಂತಿಕ ಚೌಕಟ್ಟು ಸಾಲದು ಎಂಬ ಷರಾದೊಂದಿಗೆ ವಾಪಸು ಬಂದು ಕಪಾಟಿನಲ್ಲಿ ನಾರುತ್ತಿತ್ತು. ಅದನ್ನು ಹೊರತೆಗೆದು, ಪರಿಭಾಷೆಯ ನೀರನ್ನೆಲ್ಲ ಹಿಂಡಿ, ಉಪ್ಪು ಹಾಕಿ ಒಣಗಿಸಿದೆ. ಮೊದಲು ಕುಮಟೆಯ ಕಡೆ ಒಂದು ಭಾಷಣವಾಯಿತು, ಆಮೇಲೆ ರೇಡಿಯೋ ಚಿಂತನವಾಯಿತು, ಕೊನೆಗೆ ಸ್ಮರಣ ಸಂಚಿಕೆಯೊಂದಕ್ಕೂ ಒದಗಿತು. ಓದಿದವರೊಬ್ಬರು ದಾರಿಯಲ್ಲಿ ನಿಲ್ಲಿಸಿ, ಈಗ ಅರ್ಥವಾಗುವ ಹಾಗೆ ಬರೆಯುತ್ತಿದ್ದೀರಿ ಎಂದರು. ಯುಜಿಸಿ ಕೋಷ್ಟಕದಲ್ಲಿ ಇದಕ್ಕೆ ಅಂಕವಿಲ್ಲ.

ನೆಫ್ ಹೇಳುವ ಎರಡನೆಯ ಕಾಲು, ಅಂದರೆ ಸೋಲು ಎಲ್ಲರ ಪಾಲು ಎಂಬುದು, ನನಗೆ ಮನವರಿಕೆಯಾದದ್ದು ಅಂಕೋಲೆ ಬಸ್ಸಿನಲ್ಲಿ. ಬಿಣಗಾ, ಅರ್ಗಾ, ಅಮದಳ್ಳಿ, ಹಾರವಾಡ, ಅವರ್ಸಾ ಎಂದು ಸಾಗುವ ಈ ದಾರಿಯಲ್ಲಿ ಕಡಲು ಒಮ್ಮೆ ಕಾಣಿಸಿ ಒಮ್ಮೆ ನೌಕಾನೆಲೆಯ ಗೋಡೆಯ ಹಿಂದೆ ಅಡಗುತ್ತದೆ. ಕಿಟಕಿಯ ಪಕ್ಕ ಸೀಟು ಹಿಡಿಯಲು ಓಡುವ ನಾವು ಮಾಸ್ತರರು, ಕೂತ ಮೇಲೆ ತಲೆಯೆತ್ತದೆ ಮೊಬೈಲಿನಲ್ಲಿ ಆಂತರಿಕ ಅಂಕ ತುಂಬುತ್ತೇವೆ. ಒಂದು ದಿನ ಬಸ್ಸು ಅವರ್ಸಾದ ಹತ್ತಿರ ಕೆಟ್ಟು ನಿಂತಿತು. ಚಾರ್ಜು ಮುಗಿದವರು, ನೆಟ್‌ವರ್ಕ್ ಸಿಗದವರು ಅನಿವಾರ್ಯವಾಗಿ ಮುಖ ಮುಖ ನೋಡಿಕೊಂಡರು. ಭೌತಶಾಸ್ತ್ರದವರು ತಮಗೆ ನಿದ್ದೆ ಬಾರದೆ ಎಷ್ಟೋ ಕಾಲವಾಯಿತೆಂದರು. ವಾಣಿಜ್ಯದ ಮೇಡಂ, ಸ್ವಂತ ಮಗಳ ಶಾಲೆಯ ಪೇರೆಂಟ್ಸ್ ಮೀಟಿಂಗಿಗೆ ಹೋಗಲಾಗದೆ ಕಾಲೇಜಿನ ಪೇರೆಂಟ್ಸ್ ಮೀಟಿಂಗಿನ ವರದಿ ಬರೆದದ್ದನ್ನು ಹೇಳಿದರು. ಇತಿಹಾಸದವರು ತಾವು ಇತಿಹಾಸದ ಜೊತೆಗೆ ಸಂವಿಧಾನ, ಪರಿಸರ, ಯೋಗ, ಗ್ರಂಥಾಲಯದ ಬೀಗದ ಕೈ ಎಲ್ಲವನ್ನೂ ನೋಡಿಕೊಳ್ಳುತ್ತಿರುವುದಾಗಿ ನಿಟ್ಟುಸಿರುಬಿಟ್ಟರು.

ಅವರಿಗೆ ನಾನು ಗೋಪಾಲಕೃಷ್ಣ ಗೋಖಲೆಯವರ ಉದಾಹರಣೆ ಕೊಟ್ಟೆ. ಅಂಕೋಲೆಯವರಿಗೆ ಆ ಹೆಸರು ಹೊಸದಲ್ಲ; ಗೋಖಲೆ ಹುಟ್ಟಿ ನೂರು ವರ್ಷವಾದ 1966ರಲ್ಲಿ ಅಲ್ಲಿ ಗೋಖಲೆ ಸೆಂಟಿನರಿ ಕಾಲೇಜು ತೆರೆದದ್ದು ದಿನಕರ ದೇಸಾಯಿಯವರ ಕೆನರಾ ವೆಲ್‌ಫೇರ್ ಟ್ರಸ್ಟು. ಗೋಖಲೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ, ಇಂಗ್ಲಿಷ್, ಇತಿಹಾಸ, ಅರ್ಥಶಾಸ್ತ್ರ, ಹೀಗೆ ಯಾವುದನ್ನು ಕೊಟ್ಟರೂ ಕಲಿಸಿದವರು. 1902ರಲ್ಲಿ, 36ರ ಹೊತ್ತಿಗೆಲ್ಲ, ಕಾಲೇಜು ಬಿಟ್ಟು ವೈಸರಾಯರ ಶಾಸನಸಭೆಯಲ್ಲಿ ಸಾಮ್ರಾಜ್ಯದೊಂದಿಗೆ ವಾದಕ್ಕೆ ನಿಂತರು. ನಾಲ್ಕು ವಿಷಯ ಕಲಿಸುವುದಕ್ಕಿಂತ ಅದೇ ಹಗುರ ಎನಿಸಿರಬೇಕು ಎಂದೆ. ಬಸ್ಸಿನಲ್ಲಿ ಎಲ್ಲರೂ ನಕ್ಕರು. ನನ್ನ ವಿಭಾಗದ ಅತಿಥಿ ಉಪನ್ಯಾಸಕ ಮಾತ್ರ ನಗಲಿಲ್ಲ.

"ನಿಮಗೆಲ್ಲ ಸುಸ್ತಾಗ್ತದೆ ಸರ್. ನಮಗೆ ಸೆಮಿಸ್ಟರೇ ಮುಗಿದುಹೋಗ್ತದೆ" ಎಂದ.

ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಇಂಥವರು ಸಾವಿರಾರು ಮಂದಿ. ಪಾಠದ ದೊಡ್ಡ ಪಾಲು ನಡೆಯುವುದು ಇವರಿಂದ. ಪಾಠ ಮುಗಿದರೆ ಬಿಡುಗಡೆ, ಮುಂದಿನ ವರ್ಷ ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್, ನಡುವಿನ ತಿಂಗಳುಗಳಿಗೆ ಸಂಬಳವಿಲ್ಲ. ಮೀನಿನ ಹೆಂಗಸು ಹೇಳಿದ ಬೋಟಿನ ಆಳುಗಳು ನನಗೆ ನೆನಪಾದರು. ನಮ್ಮ ಮೇಲೆ ನಾವೇ ಕರುಣೆ ತೋರಿಸಿಕೊಳ್ಳಿ ಎಂಬ ಉಪದೇಶ ಯುಜಿಸಿ ವೇತನದವನ ಕಿವಿಗೆ ಇಂಪು. ಇವನಿಗೆ ಮೊದಲು ಬೇಕಾದದ್ದು ಹನ್ನೆರಡು ತಿಂಗಳ ಸಂಬಳ. ಉಸಿರಾಟದ ವ್ಯಾಯಾಮ ಆಮೇಲಾದರೂ ಆದೀತು. ಎಫ್‌ಡಿಪಿಯ ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಇದನ್ನೇ ಬರೆದೆ. 'ಧನ್ಯವಾದಗಳು, ನಿಮ್ಮ ಪ್ರಮಾಣಪತ್ರ ಸಿದ್ಧವಾಗಿದೆ' ಎಂದು ಉತ್ತರ ಬಂತು.

ಕಾಲೇಜಿಗೆ ಆ ಪ್ರಮಾಣಪತ್ರ ಒಪ್ಪಿಸಿದ್ದೇ ಹೊಸ ಸುತ್ತೋಲೆ ಹೊರಟಿತು. ಪ್ರತಿ ವಿಭಾಗವೂ ಒಂದು ಕ್ಷೇಮ ಚಟುವಟಿಕೆ ನಡೆಸಿ, ಜಿಯೋಟ್ಯಾಗ್ ಮಾಡಿದ ಫೋಟೋ ಸಹಿತ ವರದಿ ಸಲ್ಲಿಸತಕ್ಕದ್ದು. ನಮ್ಮ ವಿಭಾಗವೆಂದರೆ ನಾನು ಮತ್ತು ಆ ಅತಿಥಿ ಉಪನ್ಯಾಸಕ. ಜುಲೈ ತಿಂಗಳ ಒಂದು ಸಂಜೆ ಮಳೆ ಹೊಳವಾದಾಗ ಇಬ್ಬರೂ ಛತ್ರಿ ಹಿಡಿದು ರವೀಂದ್ರನಾಥ ಟಾಗೋರ್ ಕಡಲತೀರಕ್ಕೆ ಹೋದೆವು. ಹಬ್ಬುವಾಡದಿಂದ ಅದೇನು ದೂರವಲ್ಲ, ಆದರೂ ನಾನು ಅಲ್ಲಿಗೆ ಹೋಗುವುದು ಊರಿಗೆ ನೆಂಟರು ಬಂದಾಗ ಮಾತ್ರ.

ಟಾಗೋರರು ಇಲ್ಲಿಗೆ ಬಂದದ್ದು 1883ರಲ್ಲಿ, 22ರ ಪ್ರಾಯದಲ್ಲಿ. ಐಸಿಎಸ್ ಪಾಸಾದ ಮೊದಲ ಭಾರತೀಯ, ಅಣ್ಣ ಸತ್ಯೇಂದ್ರನಾಥರು ಆಗ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರು. ತಮ್ಮನೋ ಇಂಗ್ಲೆಂಡಿಗೆ ಹೋಗಿಯೂ ಪದವಿಯಿಲ್ಲದೆ ಮರಳಿದವನು. ಇಂದಿನ ನಿಯಮದಲ್ಲಾದರೆ ಅತಿಥಿ ಉಪನ್ಯಾಸಕನಾಗುವುದಕ್ಕೂ ಅನರ್ಹ. ಕಾಳಿ ನದಿಯಲ್ಲಿ ದೋಣಿ ಹತ್ತಿ ಹೋಗಿ ಬೆಳದಿಂಗಳಲ್ಲಿ ಮರಳಿದ್ದನ್ನು ಅವರು ಮುಂದೆ ನೆನಪು ಮಾಡಿಕೊಂಡು ಬರೆದಿದ್ದಾರೆ. ಇಲ್ಲಿದ್ದಾಗಲೇ 'ಪ್ರಕೃತಿರ್ ಪ್ರತಿಶೋಧ್' ನಾಟಕ ಹುಟ್ಟಿತು. ಅದರ ಸನ್ಯಾಸಿ ಗುಹೆಯಲ್ಲಿ ಕೂತು, ಲೋಕವನ್ನೂ ಪ್ರೀತಿಯನ್ನೂ ಗೆದ್ದುಬಿಟ್ಟೆನೆಂದು ಬೀಗುತ್ತಾನೆ. ಒಬ್ಬ ಅನಾಥ ಹುಡುಗಿಯ ಅಕ್ಕರೆ ಆ ಗೆಲುವನ್ನು ಕರಗಿಸಿಬಿಡುತ್ತದೆ. ಈ ಕಥೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆ ಸನ್ಯಾಸಿ ಪಿಎಚ್.ಡಿ. ಮಾಡುವ ಕಾಲದ ನಾನೇ ಎಂಬುದು ಹೊಳೆದದ್ದು ಆ ಸಂಜೆ. ಹಬ್ಬಕ್ಕೆ ಹೋಗದೆ, ಮದುವೆಗೆ ಹೋಗದೆ, ಕೆಮ್ಮಿದರೂ ಸಮಯ ಹಾಳಾಯಿತೆಂದು ಕೊರಗುತ್ತ, ಒಳಗೊಳಗೇ ಅದನ್ನೊಂದು ಸಾಧನೆಯೆಂದು ಮೆರೆದವನು. ನಮ್ಮನ್ನು ನಾವು ಗೋಳಾಡಿಸಿಕೊಳ್ಳುವುದರಲ್ಲಿ ಒಳ್ಳೆಯ ಪಾಲು ಜಂಬವೇ ಇರುತ್ತದೆ ಎಂದು ಜೊತೆಗಿದ್ದ ಅತಿಥಿ ಉಪನ್ಯಾಸಕನಿಗೆ ಹೇಳಿದೆ. "ಇರಬಹುದು ಸರ್, ನನಗಿನ್ನೂ ಅಷ್ಟು ಸೀನಿಯಾರಿಟಿ ಬಂದಿಲ್ಲ" ಎಂದ.

ಯುದ್ಧನೌಕೆ ಚಾಪಲ್ ತನ್ನ ಸೇವೆ ಮುಗಿಸಿ ದಡದ ಮೇಲೆ ಕೂತಿದೆಯಲ್ಲ, ಅದರ ಪಕ್ಕದಲ್ಲಿ ನಾವೂ ಕೂತೆವು. ಕಡಲು ಕೆಂಪು ನೀರನ್ನು ಎತ್ತಿ ಎತ್ತಿ ಒಗೆಯುತ್ತಿತ್ತು. ಹುರಿದ ಶೇಂಗಾ ಮುಗಿಯುವವರೆಗೆ ಇಬ್ಬರೂ ಯಾವ ಯೋಜನೆಯ ಬಗ್ಗೆಯೂ ಮಾತಾಡಲಿಲ್ಲ. ಅವನಿಗೆ ಮುಂದಿನ ವರ್ಷದ ಚಿಂತೆ ಇದ್ದೇ ಇತ್ತು, ನನಗೆ ಉಳಿದ ಕಟ್ಟಿನ ಚಿಂತೆ ಇದ್ದೇ ಇತ್ತು. ಎರಡೂ ಪಕ್ಕದಲ್ಲೇ ಕೂತು ಶೇಂಗಾ ತಿಂದವು. ಆಮೇಲೆ ಅವನು ಮೊಬೈಲನ್ನು ಕಲ್ಲಿಗೆ ಒರಗಿಸಿ, ಅಕ್ಷಾಂಶ ರೇಖಾಂಶ ಎಲ್ಲ ಮೂಡುವಂತೆ ಫೋಟೋ ತೆಗೆದು ಕಾಲೇಜಿನ ಸಂಯೋಜಕರಿಗೆ ಕಳಿಸಿದ. ಎರಡೇ ನಿಮಿಷದಲ್ಲಿ ಉತ್ತರ ಬಂತು: "ಸರ್, ಫೋಟೋದಲ್ಲಿ ಇಬ್ಬರೂ ಸುಮ್ಮನೆ ಕೂತಿದ್ದೀರಿ. ಏನಾದರೂ ಚಟುವಟಿಕೆ ಕಾಣುವಂಥದ್ದು ಇನ್ನೊಂದು ಕಳಿಸಿ."

"ಏನು ಮಾಡುವ ಸರ್?" ಎಂದ.

"ಇದನ್ನೇ ಇನ್ನೊಮ್ಮೆ ಕಳಿಸು" ಎಂದೆ.